ಮೂಲೆಯಿಂದ ಜಿನುಗುವ ನೀರು: ಪ್ಲೈವುಡ್ ಅಕ್ವೇರಿಯಂನ ಸಂದುಗಳಿಗೆ ಎಪಾಕ್ಸಿ ಬಲ ಕೊಡುವುದು ಹೇಗೆ?

ಪ್ಲೈವುಡ್‌ನ ಮೀನುತೊಟ್ಟಿ ಒಡೆದುಹೋಗುವುದು ಅಪರೂಪ; ಅದು ಜಿನುಗುತ್ತದೆ. ನೀರು ತುಂಬಿದ ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಎರಡು ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಳದ ಮೂಲೆಯ ಹೊರಭಾಗದಲ್ಲಿ ಬೆರಳಗಲದ ಕಪ್ಪು ಕಲೆ ಕಾಣಿಸುತ್ತದೆ. ಉಗುರಿನಿಂದ ಒತ್ತಿದರೆ ಮರ ನೆನೆದ ರಟ್ಟಿನಂತೆ ಒಳಕ್ಕೆ ಹೋಗುತ್ತದೆ. ಅಷ್ಟು ಹೊತ್ತಿಗೆ ಒಳಗೆ ಮೀನುಗಳು ಬೆಳೆದಿರುತ್ತವೆ, ಗಿಡಗಳು ಬೇರು ಬಿಟ್ಟಿರುತ್ತವೆ. ಆರುನೂರು ಲೀಟರ್ ನೀರನ್ನು ಎಲ್ಲಿಗೆ ಸಾಗಿಸುವುದೆಂದು ತಿಳಿಯದೆ ತೊಟ್ಟಿ ಕಟ್ಟಿದವರು ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಾರೆ.

ಇಂಥ ಕಲೆ ಹಲಗೆಯ ನಡುಭಾಗದಲ್ಲಿ ಹುಟ್ಟುವುದು ಕಡಿಮೆ. ಎರಡು ಹಲಗೆಗಳು ಕೂಡುವ ಜಾಗದಲ್ಲಿ, ಅಂದರೆ ಸಂದಿನಲ್ಲಿ, ಅದು ಹುಟ್ಟುತ್ತದೆ. ಈ ಸಂದುಗಳನ್ನು ಭದ್ರಪಡಿಸುವುದು ಹೇಗೆ ಎಂದು ಕೇಳಿದರೆ "ಎಪಾಕ್ಸಿ ಹಾಕಿ", ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು ಹಾಕಿ, ಎಂಬ ಉತ್ತರ ಎಲ್ಲ ಕಡೆಯಿಂದಲೂ ಬರುತ್ತದೆ. ಉತ್ತರ ತಪ್ಪಲ್ಲ. ಆದರೆ ಎಪಾಕ್ಸಿಯನ್ನು ಬರಿಯ ಗಟ್ಟಿ ಅಂಟು ಎಂದುಕೊಂಡು ಹಾಕಿದವರ ತೊಟ್ಟಿಗಳೂ ಜಿನುಗಿವೆ. ಸಂದಿನ ಮೇಲೆ ಬೀಳುವ ಬಲ ಯಾವ ದಿಕ್ಕಿನದು ಎಂಬುದು ಅರ್ಥವಾದರೆ ಉಳಿದ ಕೆಲಸಗಳು ಏಕೆ ಆ ಕ್ರಮದಲ್ಲೇ ನಡೆಯಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಗಾಜು ಬಿಟ್ಟು ಮರ ಏಕೆ?

ಸಣ್ಣ ತೊಟ್ಟಿಗೆ ಗಾಜೇ ಸರಿ. ತೊಟ್ಟಿ ಎತ್ತರವಾದಂತೆ, ಉದ್ದವಾದಂತೆ ಗಾಜು ದಪ್ಪವಾಗಬೇಕಾಗುತ್ತದೆ. ದಪ್ಪವಾದಂತೆ ಅದರ ಭಾರ ಇಬ್ಬರು ಮೂವರು ಸೇರಿದರೂ ಎತ್ತಲಾಗದಷ್ಟಾಗುತ್ತದೆ. ಹಾಗಾಗಿ ದೊಡ್ಡ ತೊಟ್ಟಿ ಬೇಕೆನ್ನುವವರು ತಳ, ಹಿಂಬದಿ ಮತ್ತು ಎರಡು ಪಕ್ಕಗಳನ್ನು ಪ್ಲೈವುಡ್‌ನಲ್ಲಿ ಮಾಡಿ, ನೋಡುವ ಮುಂಬದಿಗೆ ಮಾತ್ರ ಗಾಜು ಕೂರಿಸುತ್ತಾರೆ. ಮರಕ್ಕೆ ಇನ್ನೊಂದು ಅನುಕೂಲವಿದೆ. ಅದನ್ನು ಕೊಯ್ಯಬಹುದು, ಕೊರೆಯಬಹುದು, ಸ್ಕ್ರೂ ಹಾಕಬಹುದು, ತಪ್ಪಾದರೆ ತಿದ್ದಬಹುದು.

ನೀರು ಎಷ್ಟು ಜೋರಾಗಿ ತಳ್ಳುತ್ತದೆ?

ನೀರಿನ ಒತ್ತಡ ಆಳವನ್ನು ಮಾತ್ರ ನೋಡುತ್ತದೆ. ತೊಟ್ಟಿ ಎಷ್ಟು ಉದ್ದ, ಎಷ್ಟು ಅಗಲ ಎಂಬುದು ಅದಕ್ಕೆ ಬೇಕಿಲ್ಲ. 60 ಸೆಂಟಿಮೀಟರ್ ಆಳದ ಕೊಳವೆಯ ತಳದಲ್ಲಿ ಎಷ್ಟು ಒತ್ತಡವೋ 60 ಸೆಂಟಿಮೀಟರ್ ಆಳದ ಕೆರೆಯ ತಳದಲ್ಲಿಯೂ ಅಷ್ಟೇ: ಒಂದು ಚದರ ಸೆಂಟಿಮೀಟರಿಗೆ 60 ಗ್ರಾಂ ತೂಕ ಕೂತಷ್ಟು. ಕೇಳಲು ಏನೂ ಅಲ್ಲ ಎನ್ನಿಸುತ್ತದೆ. ಗೋಡೆಯ ಎಲ್ಲ ಚದರ ಸೆಂಟಿಮೀಟರ್‌ಗಳನ್ನೂ ಕೂಡಿಸಿದಾಗ ಲೆಕ್ಕ ಬೇರೆಯಾಗುತ್ತದೆ.

180 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರದ ಒಂದು ತೊಟ್ಟಿ ಇದೆಯೆಂದುಕೊಳ್ಳಿ. ತುಂಬಿದರೆ ಅದರಲ್ಲಿ 648 ಲೀಟರ್ ಹಿಡಿಸುತ್ತದೆ. ನೀರಿನ ತೂಕವೇ 648 ಕಿಲೋ. ಹಿಂಬದಿಯ ಉದ್ದನೆಯ ಹಲಗೆಯ ವಿಸ್ತೀರ್ಣ 1.08 ಚದರ ಮೀಟರ್. ಮೇಲ್ಮಟ್ಟದಲ್ಲಿ ಒತ್ತಡ ಸೊನ್ನೆ, ತಳದಲ್ಲಿ ಪೂರ್ತಿ. ಸರಾಸರಿ ಆಳ 30 ಸೆಂಟಿಮೀಟರ್. ಇವೆರಡನ್ನೂ ಗುಣಿಸಿದರೆ ಆ ಒಂದು ಹಲಗೆಯನ್ನು ನೀರು ಸುಮಾರು 324 ಕಿಲೋ ತೂಕಕ್ಕೆ ಸಮನಾದ ಬಲದಿಂದ ಹೊರಗೆ ತಳ್ಳುತ್ತಿದೆ ಎಂದಾಯಿತು. ನಾಲ್ಕೈದು ಮಂದಿ ದೊಡ್ಡವರು ಹಲಗೆಯ ಮೇಲೆ ಹಗಲೂ ರಾತ್ರಿಯೂ ಕೂತಂತೆ.

ಎತ್ತರ ಎರಡು ಪಟ್ಟಾದರೆ ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಗೋಡೆಯ ವಿಸ್ತೀರ್ಣವೂ ಇಮ್ಮಡಿಯಾಗುತ್ತದೆ, ಸರಾಸರಿ ಒತ್ತಡವೂ ಇಮ್ಮಡಿಯಾಗುತ್ತದೆ. ಉದ್ದನೆಯ, ತಗ್ಗಾದ ತೊಟ್ಟಿ ಮೊದಲ ಪ್ರಯತ್ನಕ್ಕೆ ಒಳ್ಳೆಯದು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಈ ಬಲ ಗೋಡೆಯ ತುಂಬ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದೂ ಮುಖ್ಯ. ಅದರ ಭಾರವೆಲ್ಲ ಕೆಳಗೆ. ಗೋಡೆಯ ಮೇಲಂಚನ್ನೂ ಕೆಳಂಚನ್ನೂ ಭದ್ರವಾಗಿ ಹಿಡಿದಿದ್ದೇವೆ ಎಂದುಕೊಂಡರೆ ಮೂರರಲ್ಲಿ ಎರಡು ಪಾಲನ್ನು ಕೆಳಂಚು ಹೊರುತ್ತದೆ. ನಮ್ಮ ತೊಟ್ಟಿಯಲ್ಲಿ ಅದು 216 ಕಿಲೋ. 180 ಸೆಂಟಿಮೀಟರಿಗೆ ಹಂಚಿದರೆ ಸಂದಿನ ಒಂದೊಂದು ಸೆಂಟಿಮೀಟರಿಗೆ 1.2 ಕಿಲೋ. ಮೇಲಂಚಿಗೆ ಆಸರೆಯೇ ಇಲ್ಲದಿದ್ದರೆ ಆ ಪಾಲೂ ಕೆಳಗಿನ ಮತ್ತು ಪಕ್ಕದ ಸಂದುಗಳ ಮೇಲೆಯೇ ಬೀಳುತ್ತದೆ. ಜೊತೆಗೆ ಗೋಡೆ ಮೇಲ್ಭಾಗದಲ್ಲಿ ಹೊರಕ್ಕೆ ವಾಲುತ್ತದೆ.

ಎಳೆಯುವ ಬಲ, ಜಾರಿಸುವ ಬಲ, ಸುಲಿಯುವ ಬಲ

ಸೆಂಟಿಮೀಟರಿಗೆ 1.2 ಕಿಲೋ ಎಂದರೆ ಒಳ್ಳೆಯ ಅಂಟಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾದರೆ ಸಂದುಗಳು ಬಿಡುವುದೇಕೆ?

ಒಂದು ಅಗಲವಾದ ಅಂಟುಪಟ್ಟಿಯನ್ನು ಮೇಜಿಗೆ ಅಂಟಿಸಿ. ಅದನ್ನು ಮೇಜಿಗೆ ಸಮಾನಾಂತರವಾಗಿ, ಉದ್ದಕ್ಕೆ ಎಳೆಯಿರಿ. ಎಷ್ಟು ಎಳೆದರೂ ಬರುವುದಿಲ್ಲ, ಪಟ್ಟಿಯೇ ಹರಿದೀತು. ಈಗ ಒಂದು ತುದಿಯನ್ನು ಉಗುರಿನಿಂದ ಎಬ್ಬಿಸಿ ಮೇಲಕ್ಕೆ ಎಳೆಯಿರಿ. ಮಗುವೂ ಸುಲಿಯಬಲ್ಲದು. ಅಂಟು ಅದೇ, ಪಟ್ಟಿಯೂ ಅದೇ. ಮೊದಲ ಸಲ ಎಳೆದಾಗ ಬಲ ಇಡೀ ಪಟ್ಟಿಯ ಮೇಲೆ ಹರಡಿತು. ಎರಡನೆಯ ಸಲ ಕೂದಲೆಳೆಯಷ್ಟು ಕಿರಿದಾದ ಒಂದು ಗೆರೆಯ ಮೇಲೆ ಪೂರ್ತಿ ಬಿತ್ತು. ಆ ಗೆರೆ ಬಿಟ್ಟೊಡನೆ ಪಕ್ಕದ ಗೆರೆ, ಅದು ಬಿಟ್ಟರೆ ಅದರ ಪಕ್ಕದ್ದು.

ತೊಟ್ಟಿಯ ಮೂಲೆಯಲ್ಲಿ ನಡೆಯುವುದು ಎರಡನೆಯ ಬಗೆಯದು. ನೀರು ಗೋಡೆಗಳನ್ನು ಹೊರಕ್ಕೆ ತಳ್ಳಿದಾಗ ಹಲಗೆಯ ನಡುಭಾಗ ಸ್ವಲ್ಪ ಉಬ್ಬುತ್ತದೆ, ಮೂಲೆ ಒಂದಿಷ್ಟು ತೆರೆದುಕೊಳ್ಳಲು ನೋಡುತ್ತದೆ, ಅರೆ ತೆರೆದ ಪುಸ್ತಕವನ್ನು ಇನ್ನಷ್ಟು ಬಿಡಿಸಿದ ಹಾಗೆ. ಆಗ ಇಡೀ ಎಳೆತ ಬಂದು ಬೀಳುವುದು ಒಳಮೂಲೆಯ ಒಂದು ಗೆರೆಯ ಮೇಲೆ. ಅಲ್ಲಿ ಕೂದಲಿನಷ್ಟು ಬಿರುಕು ಬಿಟ್ಟರೂ ನೀರಿಗೆ ಅಷ್ಟೇ ಸಾಕು.

ದೋಣಿ ಕಟ್ಟುವವರಿಂದಲೇ ಈ ವಿದ್ಯೆ ತೊಟ್ಟಿ ಕಟ್ಟುವವರಿಗೆ ಬಂದಿದೆ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಬಟ್ಟೆಯಂತೆ ಹೊಲಿದು, ಸಂದುಗಳ ಮೇಲೆ ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ದ್ರವದಲ್ಲಿ ನೆನೆಸಿದ ಗಾಜಿನ ಎಳೆಗಳ ಪಟ್ಟಿ ಅಂಟಿಸುತ್ತಿದ್ದರು. ಸಾಮಾನ್ಯ ಜನ ಮನೆಯಲ್ಲೇ ದೋಣಿ ಕಟ್ಟಿದರು. ಆದರೆ ದೋಣಿಗೂ ತೊಟ್ಟಿಗೂ ಒಂದು ವ್ಯತ್ಯಾಸವಿದೆ. ದೋಣಿಯನ್ನು ನೀರು ಹೊರಗಿನಿಂದ ಅದುಮುತ್ತದೆ. ತೊಟ್ಟಿಯಲ್ಲಿ ಒಳಗಿನಿಂದ ಬಿಡಿಸುತ್ತದೆ. ದೋಣಿಯನ್ನು ದಡಕ್ಕೆ ಎಳೆದು ಒಣಗಿಸಬಹುದು, ತೊಟ್ಟಿಗೆ ಆ ಬಿಡುವೂ ಇಲ್ಲ.

ಹೀಗಾಗಿ ಮಾಡಬೇಕಾದ ಕೆಲಸ ಒಂದೇ. ಸುಲಿಯುವ ಬಲವನ್ನು ಹರಡಿದ ಬಲವಾಗಿ ಬದಲಿಸಬೇಕು. ಒಳಮೂಲೆಯನ್ನು ದುಂಡಾಗಿ ತುಂಬುವುದು, ಅದರ ಮೇಲೆ ಗಾಜಿನ ಬಟ್ಟೆ ಕೂರಿಸುವುದು, ಮೇಲಂಚಿಗೆ ಚೌಕಟ್ಟು ಕೊಡುವುದು ಎಲ್ಲವೂ ಇದಕ್ಕಾಗಿ.

ಪ್ಲೈವುಡ್‌ನ ಅಂಚು

ಪ್ಲೈವುಡ್ ಎಂದರೆ ತೆಳುವಾಗಿ ಸುಲಿದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ ಹಲಗೆ. ಒಂದು ಹಾಳೆಯ ಎಳೆಗಳು ಉದ್ದಕ್ಕಿದ್ದರೆ ಮುಂದಿನದರ ಎಳೆಗಳು ಅಡ್ಡಕ್ಕೆ. ಹೀಗಿರುವುದರಿಂದಲೇ ಅದು ಸೀಳುವುದಿಲ್ಲ, ತೇವಕ್ಕೆ ಹಿಗ್ಗಿ ಕುಗ್ಗುವುದೂ ಕಡಿಮೆ.

ಆದರೆ ಅಂಚನ್ನು ನೋಡಿದರೆ ಕಥೆ ಬೇರೆ. ಮರದ ಎಳೆ ಒಂದು ಸಣ್ಣ ಕೊಳವೆ. ಮರ ಬದುಕಿದ್ದಾಗ ನೀರು ಏರಿದ್ದು ಇಂಥ ಕೊಳವೆಗಳಲ್ಲೇ. ಕೊಯ್ದ ಅಂಚಿನಲ್ಲಿ ಸುಮಾರು ಅರ್ಧದಷ್ಟು ಹಾಳೆಗಳ ಕೊಳವೆಗಳು ಬಾಯಿ ತೆರೆದು ನಿಂತಿರುತ್ತವೆ. ಅವಕ್ಕೆ ನೀರು ಸಿಕ್ಕಿದರೆ ನೀರು, ಅಂಟು ಸಿಕ್ಕಿದರೆ ಅಂಟು, ಏನು ಸಿಕ್ಕಿದರೂ ಹೀರುತ್ತವೆ. ಒಂದು ಹನಿ ಒಳಹೊಕ್ಕರೆ ಅದು ಹಲಗೆಯೊಳಗೆ ಒಂದು ಗೇಣು ದೂರ ಹೋಗಿ ಬೇರೆಲ್ಲೋ ಕಾಣಿಸಿಕೊಳ್ಳಬಹುದು. ಸಂದಿನಲ್ಲಿ ಯಾವಾಗಲೂ ಒಂದು ಹಲಗೆಯ ಮುಖ ಇನ್ನೊಂದರ ಅಂಚಿಗೆ ಕೂಡುತ್ತದೆ. ಅಂದರೆ ತೊಟ್ಟಿಯ ಅತ್ಯಂತ ದುರ್ಬಲ ಮೇಲ್ಮೈ ಅತ್ಯಂತ ಹೆಚ್ಚು ಬಲ ಬೀಳುವ ಕಡೆಯೇ ಇದೆ.

ಹಾಳೆಗಳ ನಡುವಿನ ಅಂಟೂ ಮುಖ್ಯ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನ ಪ್ಲೈವುಡ್ ಒಣ ಕೋಣೆಯ ಕಪಾಟಿಗೆ ಸಾಕು. ನೀರಿನಲ್ಲಿ ಪದರಗಳು ಬಿಟ್ಟುಕೊಳ್ಳುತ್ತವೆ. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಕುದಿಯುವ ನೀರನ್ನೂ ತಡೆಯುತ್ತದೆ. ಮರೈನ್ ಪ್ಲೈವುಡ್‌ನಲ್ಲಿ ಇಂಥ ನೀರಿಗೆ ಬಗ್ಗದ ಅಂಟು ಇರುತ್ತದೆ, ಒಳಪದರಗಳಲ್ಲಿ ಪೊಳ್ಳು ಜಾಗಗಳೂ ಇಲ್ಲದಂತೆ ನೋಡಿಕೊಂಡಿರುತ್ತಾರೆ. ಎಪಾಕ್ಸಿಯೇ ನೀರನ್ನು ತಡೆಯುವಾಗ ಮರ ಯಾವುದಾದರೇನು ಎಂಬ ವಾದವನ್ನು ಕೇಳಿದ್ದೇನೆ. ಎಪಾಕ್ಸಿಗೆ ಗೀರು ಬೀಳುವವರೆಗೆ ಆ ವಾದ ಸರಿ.

ಎಪಾಕ್ಸಿ ಒಣಗುವುದಿಲ್ಲ

ಗೋಡೆಯ ಬಣ್ಣ ಒಣಗುತ್ತದೆ, ಅಂದರೆ ಅದರಲ್ಲಿನ ನೀರೋ ದ್ರಾವಕವೋ ಆರಿಹೋಗುತ್ತದೆ. ಎಪಾಕ್ಸಿಯಲ್ಲಿ ಆರಿಹೋಗುವುದು ಹೆಚ್ಚೇನೂ ಇಲ್ಲ. ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳು ಬೆರೆತಾಗ ಅವುಗಳ ಅಣುಗಳು ಒಂದಕ್ಕೊಂದು ಕೈಹಿಡಿದು ಬಲೆ ಹೆಣೆಯುತ್ತವೆ; ಬಲೆ ಪೂರ್ತಿಯಾದಾಗ ದ್ರವ ಘನವಾಗುತ್ತದೆ. ಹಾಗಾಗಿ ಎಪಾಕ್ಸಿ ಗಟ್ಟಿಯಾಗುವಾಗ ಕುಗ್ಗುವುದು ಬಹಳ ಕಡಿಮೆ, ಸಂದಿನಲ್ಲಿ ಸಣ್ಣ ಖಾಲಿ ಜಾಗವಿದ್ದರೂ ತುಂಬಿ ನಿಲ್ಲುತ್ತದೆ.

ಇದರಿಂದ ಹುಟ್ಟುವ ಮೊದಲ ನಿಯಮ ಅಳತೆಯದು. ಒಂದೊಂದು ರೆಸಿನ್ ಅಣುವಿಗೂ ಇಂತಿಷ್ಟು ಹಾರ್ಡನರ್ ಎಂದು ಲೆಕ್ಕವಿದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಜೊತೆ ಸಿಗದ ಅಣುಗಳು ಹಾಗೆಯೇ ಉಳಿಯುತ್ತವೆ. ಸಂದು ವರ್ಷ ಕಳೆದರೂ ಮೆತ್ತಗೆ, ಅಂಟಂಟಾಗಿ ಇರುತ್ತದೆ. ಪ್ರಮಾಣ ಒಂದೊಂದು ತಯಾರಿಕೆಗೆ ಒಂದೊಂದು: ಒಂದಕ್ಕೆ ಒಂದು, ಎರಡಕ್ಕೆ ಒಂದು, ಐದಕ್ಕೆ ಒಂದು ಹೀಗೆ. ಡಬ್ಬಿಯ ಮೇಲೆ ಬರೆದದ್ದು ಗಾತ್ರದ ಅಳತೆಯಿಂದಲೋ ತೂಕದಿಂದಲೋ ಎಂಬುದನ್ನು ಓದಲೇಬೇಕು. ಹಾರ್ಡನರ್ ಸಾಮಾನ್ಯವಾಗಿ ರೆಸಿನ್‌ಗಿಂತ ಹಗುರ, ಆದ್ದರಿಂದ ಎರಡು ಲೆಕ್ಕಗಳೂ ಒಂದೇ ಅಲ್ಲ. ಬೇಗ ಬೇಕಿದ್ದರೆ ವೇಗದ ಹಾರ್ಡನರ್ ಬೇರೆಯೇ ಸಿಗುತ್ತದೆ. ಆದರೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಸಣ್ಣ ಕೊಳವೆಯ ಎಪಾಕ್ಸಿಯನ್ನು ಇಲ್ಲಿ ಬಳಸುವಂತಿಲ್ಲ. ಸದಾ ನೀರಿನಲ್ಲಿರುವ ಕೆಲಸಕ್ಕೆ ಅದು ತಾಳುವುದಿಲ್ಲ.

ಎರಡನೆಯ ನಿಯಮ ಬಿಸಿಯದು. ಅಣುಗಳು ಕೂಡಿಕೊಳ್ಳುವಾಗ ಶಾಖ ಬಿಡುತ್ತವೆ, ಶಾಖ ಸಿಕ್ಕಿದರೆ ಇನ್ನೂ ಬೇಗ ಕೂಡಿಕೊಳ್ಳುತ್ತವೆ. ಮೊದಲ ಸಲ ನಾನು ಅರ್ಧ ಲೀಟರ್‌ನಷ್ಟನ್ನು ಒಂದೇ ಪ್ಲಾಸ್ಟಿಕ್ ಲೋಟದಲ್ಲಿ ಕಲಸಿಕೊಂಡಿದ್ದೆ. ಒಂದು ಸಂದು ಮುಗಿಸಿ ತಿರುಗುವಷ್ಟರಲ್ಲಿ ಲೋಟ ಕೈಗೆ ಬಿಸಿ ತಾಗಿತು. ಇನ್ನೆರಡು ನಿಮಿಷಕ್ಕೆ ಲೋಟದ ಗೋಡೆ ಸೊಟ್ಟಗಾಗಿ ಕುಸಿಯಿತು, ಒಳಗಿನದು ಹಳದಿ ತಿರುಗಿ ಹೊಗೆಯಾಡಿತು, ಆಮೇಲೆ ಟಪ್ಪೆಂದು ಬಿರುಕು ಬಿಟ್ಟಿತು. ಕಲಸುವ ಕಡ್ಡಿ ಅದರಲ್ಲೇ ನೆಟ್ಟಗೆ ನಿಂತು ಇಂದಿಗೂ ನನ್ನ ಕಪಾಟಿನಲ್ಲಿದೆ. ಆಳವಾದ ಲೋಟದಲ್ಲಿ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಅದೇ ಎಪಾಕ್ಸಿಯನ್ನು ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಂಡರೆ ಎಷ್ಟೋ ಹೆಚ್ಚು ಸಮಯ ಸಿಗುತ್ತದೆ. ಇನ್ನೂ ಒಳ್ಳೆಯದೆಂದರೆ ಸ್ವಲ್ಪ ಸ್ವಲ್ಪವೇ ಕಲಸುವುದು.

ಚರ್ಮಕ್ಕೆ ತಾಗದಂತೆ ನೋಡಿಕೊಳ್ಳುವುದು ಮೂರನೆಯದು. ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ತಾಗಿದರೆ ಕೆಲವರಿಗೆ ಅಲರ್ಜಿ ಬರುತ್ತದೆ, ಒಮ್ಮೆ ಬಂದರೆ ಬಿಡುವುದಿಲ್ಲ. ನೈಟ್ರೈಲ್ ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು, ಉಜ್ಜುವಾಗ ದೂಳು ತಡೆಯುವ ಮುಖಗವಸು ಬೇಕು. ಕೈಗೆ ಅಂಟಿದ್ದನ್ನು ಥಿನ್ನರ್‌ನಿಂದ ತೊಳೆಯಬಾರದು. ಅದು ಎಪಾಕ್ಸಿಯನ್ನು ಚರ್ಮದೊಳಕ್ಕೇ ಕೊಂಡೊಯ್ಯುತ್ತದೆ.

ಮೊದಲು ಕುಡಿಸಿ, ಆಮೇಲೆ ಅಂಟಿಸಿ

ಅಂಚಿನ ಕೊಳವೆಗಳ ಬಾಯಾರಿಕೆಗೆ ಮರಳೋಣ. ಬರಿಯ ಎಪಾಕ್ಸಿ ಸವರಿ ಎರಡು ಹಲಗೆಗಳನ್ನು ಒತ್ತಿ ಸ್ಕ್ರೂ ಬಿಗಿದರೆ ಅಂಚು ಆ ಎಪಾಕ್ಸಿಯನ್ನೆಲ್ಲ ಒಳಗೆ ಎಳೆದುಕೊಂಡು ಸಂದನ್ನು ಬರಿದಾಗಿಸುತ್ತದೆ. ಹೊರಗಿನಿಂದ ನೋಡಿದರೆ ಚೆನ್ನಾಗಿ ಅಂಟಿದಂತೆಯೇ ಕಾಣುತ್ತದೆ.

ಆದ್ದರಿಂದ ಇದನ್ನು ಎರಡು ಹೆಜ್ಜೆಯಲ್ಲಿ ಮಾಡುತ್ತಾರೆ. ಮೊದಲು ಏನೂ ಬೆರೆಸದ, ತೆಳುವಾದ ಎಪಾಕ್ಸಿಯನ್ನು ಬ್ರಷ್‌ನಿಂದ ಎರಡೂ ಮೇಲ್ಮೈಗಳಿಗೆ ಬಳಿಯುತ್ತಾರೆ. ಐದು ಹತ್ತು ನಿಮಿಷ ಬಿಟ್ಟು ಅಂಚನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿದರೆ ಹಾಳೆ ಬಿಟ್ಟು ಹಾಳೆ ಒಂದು ಹೊಳೆಯುತ್ತಿರುತ್ತದೆ, ಒಂದು ಮಂಕಾಗಿರುತ್ತದೆ. ಮಂಕಾದದ್ದು ಕುಡಿದು ಮುಗಿಸಿದೆ ಎಂದರ್ಥ. ಅಲ್ಲಿ ಇನ್ನೊಮ್ಮೆ ಬಳಿಯಬೇಕು, ಪೂರ್ತಿ ಅಂಚು ಹೊಳೆಯುವವರೆಗೆ. ಆಮೇಲೆ, ಅದು ಹಸಿಯಾಗಿರುವಾಗಲೇ, ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ಹಚ್ಚಿ ಹಲಗೆಗಳನ್ನು ಕೂಡಿಸಬೇಕು.

ಬೆರೆಸುವ ಪುಡಿಗಳಲ್ಲಿ ಬಗೆಗಳಿವೆ. ಫ್ಯೂಮ್ಡ್ ಸಿಲಿಕಾ ಎಂಬ ಹೂವಿನಂತೆ ಹಗುರವಾದ ಬಿಳಿ ಪುಡಿ ಎಪಾಕ್ಸಿಯನ್ನು ಇಳಿದು ಹೋಗದಂತೆ ನಿಲ್ಲಿಸುತ್ತದೆ. ಸಣ್ಣಗೆ ಕತ್ತರಿಸಿದ ಹತ್ತಿಯ ಎಳೆ ಮತ್ತು ನಯವಾದ ಮರದ ಪುಡಿ ಬಲ ಕೊಡುತ್ತವೆ. ಇನ್ನೊಂದಿದೆ, ಸೂಕ್ಷ್ಮವಾದ ಪೊಳ್ಳು ಗೋಲಿಗಳ ಪುಡಿ. ಅದು ಮೇಲ್ಮೈಯ ತಗ್ಗು ತುಂಬಿ ಉಜ್ಜಲು ಸಲೀಸು, ಆದರೆ ಬಲ ಇಲ್ಲ. ಅದನ್ನು ಸಂದಿಗೆ ಹಾಕುವಂತಿಲ್ಲ.

ಬಿಗಿಯುವ ವಿಷಯದಲ್ಲಿ ಬಡಗಿಗಳ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಮಾಮೂಲಿ ಬಿಳಿ ಅಂಟಿಗೆ ಕ್ಲ್ಯಾಂಪ್ ಬಿಗಿಯಾದಷ್ಟೂ ಒಳ್ಳೆಯದು. ಎಪಾಕ್ಸಿಗೆ ಹಾಗಲ್ಲ, ತೀರಾ ಬಿಗಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ. ಸಂದಿನಿಂದ ಸಣ್ಣ ಮಣಿಯ ಸಾಲಿನಂತೆ ಎಪಾಕ್ಸಿ ಇಣುಕಿದರೆ ಸಾಕು. ಸ್ಕ್ರೂಗಳ ಕೆಲಸ ಎಪಾಕ್ಸಿ ಗಟ್ಟಿಯಾಗುವವರೆಗೆ ಹಿಡಿದುಕೊಳ್ಳುವುದು. ಮೊದಲು ತೆಳುವಾದ ತೂತು ಕೊರೆಯದೆ ಪ್ಲೈವುಡ್ ಅಂಚಿಗೆ ಸ್ಕ್ರೂ ನುಗ್ಗಿಸಿದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಅದರ ತಲೆಯನ್ನು ಎಪಾಕ್ಸಿ ಪುಟ್ಟಿಯಿಂದ, ಅಂದರೆ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯಿಂದ, ಮುಚ್ಚಿ.

ಗೋಡೆಗಳನ್ನು ತಳದ ಹಲಗೆಯ ಮೇಲೆ ನಿಲ್ಲಿಸಬೇಕೋ, ತಳವನ್ನು ಗೋಡೆಗಳ ನಡುವೆ ಕೂರಿಸಬೇಕೋ? ಮೇಲೆ ನಿಲ್ಲಿಸಿದರೆ ನೀರಿನ ಹೊರತಳ್ಳಾಟ ಸಂದನ್ನು ಜಾರಿಸಲು ನೋಡುತ್ತದೆ. ಅಂಟುಪಟ್ಟಿಯ ಉದಾಹರಣೆಯಲ್ಲಿ ಮೊದಲನೆಯ ಬಗೆ ಇದೇ. ನಡುವೆ ಕೂರಿಸಿದರೆ ಗೋಡೆ ತಳದ ಅಂಚಿನಿಂದ ಕಿತ್ತುಬರಲು ನೋಡುತ್ತದೆ. ನಿಲ್ಲಿಸುವುದೇ ಮೇಲು.

ಒಳಮೂಲೆಯ ದುಂಡು

ಚೂಪಾದ ಒಳಮೂಲೆಯಲ್ಲಿ ಬಲ ಒಂದೇ ಗೆರೆಗೆ ಬೀಳುತ್ತದೆ ಎಂದೆವು. ಆ ಮೂಲೆಯನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ, ದುಂಡನೆಯ ಅಂಚಿನ ಕಡ್ಡಿಯಿಂದ ಎಳೆದು, ಬಟ್ಟಲಿನ ಒಳಮೈಯಂತೆ ಮಾಡಿದರೆ ಗೆರೆ ಹೋಗಿ ಪಟ್ಟಿಯಾಗುತ್ತದೆ. ಇದನ್ನು ಫಿಲೆಟ್ ಎನ್ನುತ್ತಾರೆ. ಇದು ಎರಡೂ ಹಲಗೆಗಳ ಮುಖಕ್ಕೆ ಅಂಟಿಕೊಳ್ಳುತ್ತದೆ, ಅಂಚನ್ನು ನೆಚ್ಚಿಕೊಳ್ಳುವುದಿಲ್ಲ.

ದುಂಡಿನ ತ್ರಿಜ್ಯ ಹಲಗೆಯ ದಪ್ಪದಷ್ಟಾದರೂ ಇರಲಿ ಎಂಬುದು ರೂಢಿಯ ಅಳತೆ. 18 ಮಿಲಿಮೀಟರ್ ಪ್ಲೈವುಡ್‌ಗೆ 20 ಮಿಲಿಮೀಟರ್ ಎಂದಿಟ್ಟುಕೊಳ್ಳಬಹುದು. ಆ ಲೆಕ್ಕಕ್ಕೆ ಒಂದು ಮೀಟರ್ ಸಂದಿಗೆ ಸುಮಾರು 86 ಮಿಲಿಲೀಟರ್ ಎಪಾಕ್ಸಿ ಪುಟ್ಟಿ ಬೇಕು. ನಮ್ಮ ತೊಟ್ಟಿಯಲ್ಲಿ ತಳದ ಸುತ್ತ 4.8 ಮೀಟರ್, ನಾಲ್ಕು ನಿಂತ ಮೂಲೆಗಳಲ್ಲಿ 2.4 ಮೀಟರ್, ಒಟ್ಟು 7.2 ಮೀಟರ್, ಅಂದರೆ 620 ಮಿಲಿಲೀಟರ್ ಹತ್ತಿರ. ಹೊಗೆಯಾಡಿದ ಲೋಟವನ್ನು ನೆನೆದು ಇದನ್ನು ಐದಾರು ಕಂತಿನಲ್ಲಿ ಕಲಸುವುದು ಕ್ಷೇಮ.

ಪುಟ್ಟಿಯ ಹದ ಗಟ್ಟಿ ಬೆಣ್ಣೆಯಂತಿರಬೇಕು. ಕಡ್ಡಿಯಲ್ಲಿ ಎತ್ತಿ ಹಿಡಿದರೆ ಅದರ ಕೊಂಬು ಬಾಗದೆ ನಿಲ್ಲಬೇಕು. ತೆಳುವಾದರೆ ನಿಂತ ಮೂಲೆಯಿಂದ ರಾತ್ರೋರಾತ್ರಿ ಜಾರಿ ತಳದಲ್ಲಿ ಗುಡ್ಡೆಯಾಗಿ ಗಟ್ಟಿಯಾಗುತ್ತದೆ. ಅದನ್ನು ಉಜ್ಜಿ ತೆಗೆಯುವ ಕಷ್ಟವನ್ನು ಯಾರಿಗೂ ಬಯಸೆನು.

ಗಾಜಿನ ಬಟ್ಟೆ ಏಕೆ ಬೇಕು?

ಗಟ್ಟಿಯಾದ ಎಪಾಕ್ಸಿಯನ್ನು ಅದುಮಿದರೆ ಜಗ್ಗುವುದಿಲ್ಲ, ಎಳೆದರೆ ಕೊನೆಗೆ ಬಿರುಕು ಬಿಡುತ್ತದೆ. ಕಾಂಕ್ರೀಟಿನಂತೆ. ಕಾಂಕ್ರೀಟಿಗೆ ಕಬ್ಬಿಣದ ಸರಳು ಹಾಕುವುದು ಎಳೆತವನ್ನು ತಡೆಯಲು. ಎಪಾಕ್ಸಿಗೆ ಆ ಸರಳು ಗಾಜಿನ ಎಳೆ. ಕೂದಲಿಗಿಂತ ತೆಳುವಾಗಿ ಎಳೆದ ಗಾಜು ಎಳೆತಕ್ಕೆ ಅಚ್ಚರಿಯಾಗುವಷ್ಟು ಗಟ್ಟಿ. ಅದನ್ನು ನೇಯ್ದ ಪಟ್ಟಿಯನ್ನು ಫಿಲೆಟ್‌ನ ಮೇಲೆ, ಎರಡೂ ಹಲಗೆಗಳಿಗೆ ಹರಡುವಂತೆ ಕೂರಿಸಿದರೆ, ಮೂಲೆ ತೆರೆಯಬೇಕಾದರೆ ಆ ಎಳೆಗಳನ್ನು ಉದ್ದಕ್ಕೆ ಎಳೆದು ಹರಿಯಬೇಕು. ಸುಲಿಯುವ ಬಲ ಎಳೆಯುವ ಬಲವಾಯಿತು.

75ರಿಂದ 100 ಮಿಲಿಮೀಟರ್ ಅಗಲದ ಪಟ್ಟಿ ಸಾಮಾನ್ಯ. ಮಾಮೂಲಿ ನೇಯ್ಗೆಯಲ್ಲಿ ಅರ್ಧ ಎಳೆಗಳು ಸಂದಿನ ಉದ್ದಕ್ಕೇ ಓಡುತ್ತವೆ, ಅವು ಸಂದನ್ನು ದಾಟುವುದೇ ಇಲ್ಲ. ಎಳೆಗಳು 45 ಡಿಗ್ರಿ ಓರೆಯಾಗಿರುವ ಪಟ್ಟಿಯಲ್ಲಿ ಎಲ್ಲ ಎಳೆಗಳೂ ಸಂದನ್ನು ದಾಟುತ್ತವೆ, ದುಂಡಿನ ಮೇಲೆ ಚೆನ್ನಾಗಿ ಬಾಗುತ್ತವೆ ಕೂಡ. ಚೂರು ಎಳೆಗಳನ್ನು ಒತ್ತಿ ಮಾಡಿದ ಹಾಸು ಬೇರೆ. ಅದನ್ನು ಹಿಡಿದಿಟ್ಟಿರುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್‌ನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಹಾಸು ಬಿರುಸಾಗಿಯೇ ಉಳಿದು ಸರಿಯಾಗಿ ನೆನೆಯುವುದಿಲ್ಲ.

ಪಟ್ಟಿ ಹಾಕಲು ಒಳ್ಳೆಯ ಹೊತ್ತು ಫಿಲೆಟ್ ಬಿಗಿದುಕೊಂಡಿದ್ದೂ ಇನ್ನೂ ಉಗುರಿಗೆ ಗುರುತು ಬೀಳುವಷ್ಟು ಹಸಿಯಾಗಿರುವಾಗ. ಆಗ ಎರಡೂ ಪದರಗಳ ಅಣುಗಳು ಕೂಡಿಕೊಂಡು ಒಂದೇ ಬಲೆಯಾಗುತ್ತವೆ. ಒಣ ಪಟ್ಟಿ ಬೆಳ್ಳಗಿರುತ್ತದೆ. ಅದರ ಮೇಲೆ ಬ್ರಷ್‌ನ ತುದಿಯಿಂದ ಎಪಾಕ್ಸಿಯನ್ನು ತಟ್ಟುತ್ತ ಹೋದರೆ ಬಿಳಿ ಮಾಯವಾಗಿ ಗಾಜು ಕಣ್ಣಿಗೇ ಕಾಣದಂತಾಗುತ್ತದೆ, ಕೆಳಗಿನ ಮರದ ಗೆರೆಗಳು ಎದ್ದು ಕಾಣುತ್ತವೆ. ಎಲ್ಲಾದರೂ ಬೆಳ್ಳಗೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಗಟ್ಟಿಯಾಗುವ ಮೊದಲು ಅದನ್ನು ಬ್ರಷ್‌ನಿಂದ ಅಂಚಿಗೆ ನೂಕಿ ಹೊರಹಾಕಬೇಕು.

ಮೇಣದ ಪೊರೆ, ಸೂಜಿತೂತು

ಸಂದುಗಳು ಮುಗಿದ ಮೇಲೆ ಒಳಮೈಗೆಲ್ಲ ರೋಲರ್‌ನಿಂದ ಮೂರು ಪದರ ಎಪಾಕ್ಸಿ ಬಳಿಯುತ್ತಾರೆ. ಇಲ್ಲಿ ಎರಡು ಮೋಸಗಳಿವೆ.

ಒಂದು, ತಂಪಾದ, ತೇವದ ಹವೆಯಲ್ಲಿ ಹಾರ್ಡನರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ತೇವದೊಡನೆ ಬೆರೆತು ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಪೊರೆ ಬಿಡಬಹುದು. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಅದರ ಮೇಲೆ ಬಳಿದ ಪದರ ಮುಂದೆ ಹಾಳೆಯಂತೆ ಎದ್ದು ಬರುತ್ತದೆ. ಪೊರೆ ನೀರಿನಲ್ಲಿ ಕರಗುವುದರಿಂದ ಬರಿಯ ನೀರು ಮತ್ತು ಒರಟು ಸ್ಪಂಜಿನಿಂದ ಉಜ್ಜಿ ತೊಳೆದರೆ ಸಾಕು. ತೊಳೆಯದೆ ಉಪ್ಪುಕಾಗದ ಉಜ್ಜಿದರೆ ಜಿಡ್ಡು ಇನ್ನಷ್ಟು ಒಳಗೆ ಮೆತ್ತಿಕೊಳ್ಳುತ್ತದೆ. ಹಿಂದಿನ ಪದರ ಪೂರ್ತಿ ಗಟ್ಟಿಯಾಗಿದ್ದರೆ ಮೊದಲು ತೊಳೆದು, ನಂತರ ಹೊಳಪು ಹೋಗುವವರೆಗೆ ಉಜ್ಜಿ, ಆಮೇಲೆ ಬಳಿಯಬೇಕು.

ಇನ್ನೊಂದು, ಮರದ ಉಸಿರು. ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಬಂದು ಹಸಿ ಎಪಾಕ್ಸಿಯಲ್ಲಿ ಗುಳ್ಳೆಯಾಗಿ ಒಡೆಯುತ್ತದೆ. ಒಡೆದ ಜಾಗ ಸೂಜಿತೂತಾಗಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬಳಿದವರಿಗೆ ಈ ಕಾಟ ಹೆಚ್ಚು. ಹೊತ್ತು ಇಳಿಯುವಾಗ, ಮರ ತಣಿಯುತ್ತಿರುವಾಗ ಮೊದಲ ಪದರ ಬಳಿದರೆ ಗಾಳಿ ಕುಗ್ಗುತ್ತ ಎಪಾಕ್ಸಿಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ.

ಕೊಳವೆಗೆ ತೂತು ಬೇಕಿದ್ದರೆ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಪುಟ್ಟಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಕೊರೆಯುತ್ತಾರೆ. ಆಗ ಕೊಳವೆಯ ಸುತ್ತ ಬರಿ ಮರವೇ ಇರುವುದಿಲ್ಲ.

ಚೌಕಟ್ಟು ಮತ್ತು ಗಾಜು

ಹಲಗೆ ಉಬ್ಬಿದಷ್ಟೂ ಸಂದು ತೆರೆಯುತ್ತದೆ. ಆಸರೆಯಿಲ್ಲದ ಉದ್ದ ಇಮ್ಮಡಿಯಾದರೆ ಉಬ್ಬು ಹದಿನಾರು ಪಟ್ಟಾಗುತ್ತದೆ. ಹಲಗೆಯ ದಪ್ಪ ಇಮ್ಮಡಿಯಾದರೆ ಉಬ್ಬು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಂಚಿನ ಸುತ್ತ ಅಗಲವಾದ ಪಟ್ಟಿಯ ಚೌಕಟ್ಟು, ಉದ್ದ ಹೆಚ್ಚಿದ್ದರೆ ನಡುವೆ ಒಂದು ಅಡ್ಡಪಟ್ಟಿ ಹಾಕಿದರೆ ಮೂಲೆಯ ಎಪಾಕ್ಸಿಗೆ ಅರ್ಧ ಕೆಲಸ ತಪ್ಪುತ್ತದೆ.

ಮುಂದಿನ ಗಾಜನ್ನು ಒಳಗಿನಿಂದ ಮುಂಬದಿಯ ಮರದ ಚೌಕಟ್ಟಿಗೆ ಕೂರಿಸಬೇಕು; ಆಗ ನೀರೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಗಾಜಿಗೆ ಎಪಾಕ್ಸಿ ಸಲ್ಲದು. ಮರ ಮತ್ತು ಗಾಜು ಬೇರೆ ಬೇರೆ ರೀತಿ ಹಿಗ್ಗುತ್ತವೆ, ನಡುವೆ ಬಾಗುವ ಸಿಲಿಕೋನ್ ಬೇಕು, ಅದೂ ಬೂಸು ತಡೆಯುವ ವಿಷ ಬೆರೆಸದ ಅಕ್ವೇರಿಯಂ ಸಿಲಿಕೋನ್. ಇದನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು. ಸಿಲಿಕೋನ್ ತಾಗಿದ ಜಾಗಕ್ಕೆ ಎಪಾಕ್ಸಿ ಮತ್ತೆ ಅಂಟುವುದಿಲ್ಲ. ಸಣ್ಣ ಜಿನುಗನ್ನು ಸಿಲಿಕೋನ್‌ನಿಂದ ಮುಚ್ಚಲು ಹೋಗಿ ಎಪಾಕ್ಸಿಯಿಂದ ಸರಿಪಡಿಸುವ ದಾರಿಯನ್ನೂ ಮುಚ್ಚಿಕೊಂಡವರಿದ್ದಾರೆ.

ಮೀನಿಗೆ ಅಪಾಯವೇ?

ಸರಿಯಾಗಿ ಅಳೆದು, ಚೆನ್ನಾಗಿ ಕಲಸಿ, ಪೂರ್ತಿ ಗಟ್ಟಿಯಾದ ಎಪಾಕ್ಸಿಯಿಂದ ಮೀನಿಗೆ ತೊಂದರೆಯಿಲ್ಲ. ಕುಡಿಯುವ ನೀರಿನ ತೊಟ್ಟಿಗಳಿಗೆ ಬಳಿಯಲೆಂದೇ ಎಪಾಕ್ಸಿಗಳಿವೆ. ಅಪಾಯ ಇರುವುದು ಗಟ್ಟಿಯಾಗದೆ ಉಳಿದದ್ದರಲ್ಲಿ. ಲೋಟದ ಬುಡ ಮತ್ತು ಅಂಚಿನಲ್ಲಿ ಕಲಸದೆ ಉಳಿದದ್ದನ್ನು ಕೆರೆದು ಬಳಿದರೆ ಆ ಜಾಗ ಅಂಟಂಟಾಗಿ ಉಳಿದು ನೀರಿಗೆ ಹಾರ್ಡನರ್ ಬಿಡುತ್ತದೆ. ಬೆರಳಿಗೆ ಅಂಟುವ ಜಾಗವಿದ್ದರೆ ಅದನ್ನು ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಗೆದ್ದಲು ಬಾರದಂತೆ ತಾಮ್ರದ ಔಷಧ ಹೀರಿಸಿದ ಪ್ಲೈವುಡ್ ಬೇಡ; ಸೀಗಡಿ, ಬಸವನಹುಳುಗಳಿಗೆ ತಾಮ್ರ ವಿಷ.

ಮುಟ್ಟಿದರೆ ಗಟ್ಟಿ ಎನ್ನಿಸುವುದು ಒಂದೇ ದಿನಕ್ಕೆ. ಒಳಗಿನ ಬಲೆ ಹೆಣೆದು ಮುಗಿಯಲು ಕೋಣೆಯ ಉಷ್ಣತೆಯಲ್ಲಿ ಸುಮಾರು ಒಂದು ವಾರ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು.

ನೀರಿನ ಪರೀಕ್ಷೆ

ತೊಟ್ಟಿಯನ್ನು ಅದು ಮುಂದೆ ನಿಲ್ಲುವ ಜಾಗದಲ್ಲಿ ಮೊದಲ ಸಲ ತುಂಬಬೇಡಿ. ಸೋರಿದರೂ ಚಿಂತೆಯಿಲ್ಲದ ಕಡೆ, ಸಮತಟ್ಟಾದ ನೆಲದ ಮೇಲೆ ತುಂಬಿ. ಮೊದಲ ದಿನ ಕಾಲುಭಾಗ, ಮರುದಿನ ಅರ್ಧ, ಆಮೇಲೆ ಪೂರ್ತಿ. ಪ್ರತಿ ಹಂತದಲ್ಲೂ ಹೊರಸಂದುಗಳ ಉದ್ದಕ್ಕೆ ಒಣ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಉಬ್ಬನ್ನು ಅಳೆಯಲು ಗೋಡೆಯ ನಡುವೆ ಒಂದು ದಾರ ಬಿಗಿದು ಕಟ್ಟಿದರೆ ಸಾಕು.

ನಾಲ್ಕು ದಿನದಲ್ಲಿ ಮಟ್ಟ ಇಳಿದಿದ್ದರೆ ಅದು ಸೋರಿದ್ದೋ ಆವಿಯಾದದ್ದೋ? ತೊಟ್ಟಿ ತುಂಬಿದ ದಿನವೇ ನೇರ ಗೋಡೆಯ ಬಕೆಟ್ ಒಂದನ್ನು ಅಂಚಿನವರೆಗೆ ತುಂಬಿ ಪಕ್ಕದಲ್ಲಿಟ್ಟು ಎರಡರಲ್ಲೂ ಗೆರೆ ಎಳೆದಿಡಿ. ಎರಡಕ್ಕೂ ಅದೇ ಗಾಳಿ, ಅದೇ ಬಿಸಿ. ಎರಡೂ ಆರು ಮಿಲಿಮೀಟರ್ ಇಳಿದಿದ್ದರೆ ಗಾಳಿಗೆ ಹೋಯಿತು. ಬಕೆಟ್ ಆರು ಇಳಿದು ತೊಟ್ಟಿ ಹತ್ತು ಇಳಿದಿದ್ದರೆ ಎಲ್ಲೋ ದಾರಿ ಇದೆ. ತೇವ ಕಂಡ ಜಾಗದ ನೇರ ಒಳಗೆ ಮಾತ್ರ ಹುಡುಕಿದರೆ ಅದು ಸಿಗದಿರಬಹುದು. ಪ್ಲೈವುಡ್‌ನ ಪದರದೊಳಗೆ ನೀರು ಒಂದು ಗೇಣು ಪಯಣಿಸಿ ಹೊರಬಂದಿರುತ್ತದೆ. ತೊಟ್ಟಿ ಬರಿದು ಮಾಡಿ, ಮರ ಪೂರ್ತಿ ಒಣಗುವವರೆಗೆ, ಬೇಕಾದರೆ ವಾರಗಟ್ಟಲೆ ಕಾದು, ಆ ಸುತ್ತಿನ ಫಿಲೆಟ್‌ನ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಸೂಜಿತೂತಿನ ನೆರಳು ಅಲ್ಲಿ ಚುಕ್ಕೆಯಾಗಿ ಕಾಣುತ್ತದೆ.